ಗಂಗಮ್ಮ ಕ್ಯಾಮೆರಾ ನೋಡಿದ ಶಾಟ್

ಒಬ್ಬ ಮನುಷ್ಯ ಕೆಲಸ ಮಾಡುವುದನ್ನು ಒಂದೂವರೆ ನಿಮಿಷದಲ್ಲಿ ತೋರಿಸಿ ಎಂದು ಎಷ್ಟು ಬ್ಯಾಚಿನ ಹುಡುಗರಿಗೆ ಹೇಳಿದ್ದೇನೋ ನನಗೇ ನೆನಪಿಲ್ಲ. ತಿಪಟೂರಿನ ಒಂದು ಕಾಲೇಜಿನ ಪತ್ರಿಕೋದ್ಯಮ ವಿಭಾಗದಲ್ಲಿ ವಿಡಿಯೊ ತೆಗೆಯುವುದನ್ನೂ ಎಡಿಟ್ ಮಾಡುವುದನ್ನೂ ಕಲಿಸುವುದು ನನ್ನ ಕೆಲಸವಾಗಿತ್ತು. ಹುದ್ದೆಯ ಹೆಸರು ದೊಡ್ಡದು, ಬಾಗಿಲ ಮೇಲಿನ ಬೋರ್ಡಿನಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ಹುಡುಗರು ಮಾತ್ರ ‘ವಿಡಿಯೊ ಮೇಷ್ಟ್ರು’ ಎನ್ನುತ್ತಿದ್ದರು. ನಿವೃತ್ತನಾಗಿ ಎರಡು ವರ್ಷವಾಯಿತು. ಮೊನ್ನೆ ವಿಭಾಗಕ್ಕೆ ಹೊಸದಾಗಿ ಸೇರಿರುವ ಇಬ್ಬರು ಬೋಧಕರು ಮನೆಗೆ ಬಂದು, ‘ನಿಮ್ಮ ಅನುಭವ ಬರೆದುಕೊಡಿ ಸಾರ್, ನಮಗೆ ದಾರಿ ಗೊತ್ತಾಗುತ್ತೆ’ ಎಂದರು. ದಾರಿ ತೋರಿಸುವಷ್ಟು ದೊಡ್ಡವನು ನಾನಲ್ಲ. ಗುಂಡಿ ಎಲ್ಲೆಲ್ಲಿದೆ ಎಂದು ಹೇಳಬಲ್ಲೆ, ಬಿದ್ದು ನೋಡಿದ್ದೇನೆ.

ಹಾಗಾಗಿ ಇದರಲ್ಲಿ ಸನ್ಮಾನ, ಶಾಲು, ಹಾರಗಳ ಸುದ್ದಿ ಇಲ್ಲ. ಒಂದು ತಪ್ಪಿನ ಸುದ್ದಿ ಇದೆ. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಮಗಳ ಕ್ಯಾಮೆರಾವನ್ನು ನೇರವಾಗಿ ನೋಡಿ ಎರಡು ಮಾತಾಡಿದ ಒಂದು ಶಾಟ್ ಇತ್ತು. ಹತ್ತು ಸೆಕೆಂಡೂ ಇರಲಾರದು. ಅದನ್ನು ಅಳಿಸಿದ ಬೆರಳು ನನ್ನದು. ಆ ತಾಯಿ ತೀರಿಕೊಂಡ ಮೇಲೆ ಆ ಹುಡುಗಿ ಅದನ್ನು ಕೇಳಿಕೊಂಡು ಬಂದಳು. ಕೊಡುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಇದನ್ನು ಬರೆಯಲು ಅವಳ ಒಪ್ಪಿಗೆ ಕೇಳಿದ್ದೇನೆ. ಹೆಸರು ಬದಲಾಯಿಸಿ ಎಂದಳು, ಬದಲಾಯಿಸಿದ್ದೇನೆ.

ಮೊದಲು ನಾನು ಮೇಷ್ಟ್ರಾದ ಬಗೆ ಹೇಳಬೇಕು. ನನ್ನೂರು ಮಾಯಸಂದ್ರದ ಹತ್ತಿರ. ಓದು ಹತ್ತಲಿಲ್ಲ, ಮದುವೆ ವಿಡಿಯೊ ತೆಗೆಯುವ ಕೆಲಸ ಹತ್ತಿತು. ಆಗಿನ ಕ್ಯಾಮೆರಾ ಹೆಗಲ ಮೇಲೆ ಹೊರುವಂಥದ್ದು, ಸಂಜೆಯ ಹೊತ್ತಿಗೆ ಕತ್ತು ಒಂದು ಕಡೆಗೆ ವಾಲಿಬಿಡುತ್ತಿತ್ತು. ಒಂದು ಗುಂಡಿ ಒತ್ತಿದರೆ ರೆಕಾರ್ಡ್ ಶುರು, ಅದೇ ಗುಂಡಿ ಮತ್ತೆ ಒತ್ತಿದರೆ ನಿಲ್ಲುತ್ತದೆ. ನೊಣವಿನಕೆರೆಯ ಒಂದು ಮದುವೆಯಲ್ಲಿ ಗಡಿಬಿಡಿಯಲ್ಲಿ ಒಂದು ಸಲ ಹೆಚ್ಚಾಗಿ ಒತ್ತಿಬಿಟ್ಟೆ. ಅಲ್ಲಿಂದಾಚೆಗೆ ಎಲ್ಲ ತಿರುಗಾಮುರುಗಾ. ನಾನು ತೆಗೆಯುತ್ತಿದ್ದೇನೆ ಎಂದುಕೊಂಡಾಗ ಅದು ನಿಂತಿತ್ತು, ನಿಲ್ಲಿಸಿದ್ದೇನೆ ಎಂದುಕೊಂಡಾಗ ಓಡುತ್ತಿತ್ತು. ಮನೆಯವರನ್ನೆಲ್ಲ ಕೂರಿಸಿ ಕ್ಯಾಸೆಟ್ ಹಾಕಿದರೆ ಧಾರೆ ಇಲ್ಲ, ತಾಳಿ ಇಲ್ಲ. ಚಪ್ಪರದ ನೆಲ, ಕುರ್ಚಿಯ ಕಾಲು ಮತ್ತು ಇದ್ದಕ್ಕಿದ್ದಂತೆ ನನ್ನ ಎರಡು ಚಪ್ಪಲಿ.

ಹುಡುಗಿಯ ತಂದೆ ಸ್ವಲ್ಪ ಹೊತ್ತು ನೋಡಿ, ‘ಏನ್ಲಾ ಇದು, ಮದ್ವೆ ಆಗಿದ್ದು ನನ್ ಮಗಳ್ದೋ, ನಿನ್ ಚಪ್ಪಲೀದೋ?’ ಎಂದರು.

ಎಲ್ಲರೂ ನಕ್ಕರು. ಮದುಮಗಳು ಮಾತ್ರ ನಗಲಿಲ್ಲ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆಗ ನನಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ವಯಸ್ಸು. ನಾಚಿಕೆ ಆಯಿತೇ ಹೊರತು, ಅವಳು ಕಳೆದುಕೊಂಡದ್ದು ಏನೆಂದು ಅರ್ಥವಾಗಲಿಲ್ಲ. ಅದು ಅರ್ಥವಾಗಲು ನಾನು ಇನ್ನೂ ದೊಡ್ಡ ತಪ್ಪು ಮಾಡಬೇಕಾಗಿತ್ತು.

ಕಾಲೇಜಿನವರು ಕರೆದಾಗ ನನಗೆ ನಲವತ್ತು ದಾಟಿತ್ತು. ಪಾಠ ಹೇಳುವವರು ಇದ್ದರು, ಕ್ಯಾಮೆರಾ ಹಿಡಿಯಲು ಬರುವವರು ಇರಲಿಲ್ಲ. ವಿಭಾಗದ ಮುಖ್ಯಸ್ಥೆ ಶಾರದಾ ಮೇಡಂ ಬಲು ಶಿಸ್ತಿನವರು. ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೇ ಆಗಬೇಕು. ನಾನು ಅವರ ಬೆನ್ನ ಹಿಂದೆ ಗೊಣಗುತ್ತಿದ್ದೆ, ಎದುರಿಗೆ ತಲೆಯಾಡಿಸುತ್ತಿದ್ದೆ. ಆದರೆ ಒಂದು ಮಾತು ಒಪ್ಪಬೇಕು. ಸೀಕ್ವೆನ್ಸ್ ಎಂದರೇನು ಎಂದು ನನಗೆ ಕಲಿಸಿದವರು ಅವರೇ. ಮದುವೆ ಮನೆಯಲ್ಲಿ ನಾನು ಮೂರು ಗಂಟೆ ಎಡೆಬಿಡದೆ ತೆಗೆದು ಕೊಟ್ಟುಬಿಡುತ್ತಿದ್ದೆ. ಒಂದು ಕೆಲಸವನ್ನು ತುಂಡು ತುಂಡಾಗಿ ತೆಗೆದು, ಆ ತುಂಡುಗಳನ್ನು ಜೋಡಿಸಿ, ನೋಡುವವನಿಗೆ ಒಂದೇ ಕೆಲಸ ಎನ್ನಿಸುವಂತೆ ಮಾಡಬಹುದು ಎಂಬುದು ನನಗೆ ತಿಳಿದಿರಲಿಲ್ಲ.

ಐದು ಶಾಟ್ ತೆಗೆಯಬೇಕು. ಕೆಲಸ ಮಾಡುವ ಕೈ. ಮಾಡುವವರ ಮುಖ. ದೂರದಿಂದ ಇಡೀ ಜಾಗ. ಅವರ ಭುಜದ ಹಿಂದಿನಿಂದ, ಅವರಿಗೆ ಕಾಣುವ ಹಾಗೆ. ಕೊನೆಗೆ ಯಾರೂ ನಿರೀಕ್ಷಿಸದ ಒಂದು ಕೋನ. ಪ್ರತಿ ಸಲ ರೆಕಾರ್ಡ್ ಒತ್ತಿ ಮನಸ್ಸಿನಲ್ಲೇ ಹತ್ತು ಎಣಿಸಬೇಕು, ಕೆಲಸ ಮುಗಿದ ಮೇಲೂ ಹತ್ತು ಎಣಿಸಿ ನಿಲ್ಲಿಸಬೇಕು. ಇಷ್ಟು ಬಂದರೆ ಅರ್ಧ ವಿದ್ಯೆ ಬಂದಂತೆ. ಉಳಿದರ್ಧ ಯಾವುದನ್ನು ಇಡಬೇಕು, ಯಾವುದನ್ನು ಬಿಸಾಡಬೇಕು ಎಂಬುದು.

ನಮ್ಮ ಸೀಮೆಯಲ್ಲಿ ವಿಷಯಕ್ಕೇನು ಬರ? ಕಾಯಿ ಕೆಡವುವವರು, ಸುಲಿಯುವವರು, ಕೊಬ್ಬರಿ ಒಡೆಯುವವರು, ಎಲ್ಲ ಕಣ್ಣಳತೆಯಲ್ಲೇ ಸಿಗುತ್ತಾರೆ. ಹುಡುಗರ ತಪ್ಪುಗಳೂ ಅಲ್ಲೇ ಆಗುತ್ತಿದ್ದವು. ಮಂಜುನಾಥ ಎಂಬುವನು ಕಾಯಿ ಸುಲಿಯುವುದನ್ನು ತೆಗೆದುಕೊಂಡು ಬಂದ. ಮೊದಲ ಶಾಟಿನಲ್ಲಿ ಸುಲಿದ ಕಾಯಿ ಬುಟ್ಟಿಗೆ ಬೀಳುತ್ತದೆ, ಮುಂದಿನದರಲ್ಲಿ ಅದೇ ಕಾಯಿ ಸಿಪ್ಪೆ ಸಮೇತ ಹಾರೆಯ ಮೊನೆಗೆ ಬರುತ್ತದೆ. ‘ಏನಪ್ಪ, ಸಿಪ್ಪೆ ವಾಪಸ್ ಅಂಟುಸ್ತಾ ಇದಾರಾ?’ ಎಂದೆ. ‘ಅವ್ರು ಬಲು ಸ್ಪೀಡು ಸಾರ್’ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೇಡಂ ಕೊಟ್ಟ ಅಂಕಪಟ್ಟಿಯಲ್ಲಿ ಒಂದು ಸಾಲು ಬಲು ಗಟ್ಟಿಯಾಗಿತ್ತು: ತೆಗೆಸಿಕೊಳ್ಳುವವರು ಕ್ಯಾಮೆರಾ ನೋಡಬಾರದು. ನೋಡಿದರೆ ಆ ಶಾಟ್ ತಿಪ್ಪೆಗೆ. ಮದುವೆಯಲ್ಲಿ ಎಲ್ಲರೂ ಕ್ಯಾಮೆರಾವನ್ನೇ ನೋಡುತ್ತಾರೆ, ನೋಡದಿದ್ದರೆ ನಾವೇ ಕೂಗಿ ನೋಡಿಸುತ್ತೇವೆ. ಅಲ್ಲಿಂದ ಬಂದ ನನಗೆ ಮೊದಮೊದಲು ಇದು ವಿಚಿತ್ರ ಅನ್ನಿಸಿತು. ಆಮೇಲೆ ಹೊಸದಾಗಿ ದೀಕ್ಷೆ ತೆಗೆದುಕೊಂಡವನ ಹಾಗೆ ನಾನೇ ಹೆಚ್ಚು ಕಟ್ಟುನಿಟ್ಟಾದೆ. ‘ಫೋಕಸ್ ನೋಡ್ರಪ್ಪ, ಬೆಳಕು ನೋಡ್ರಪ್ಪ, ಮನುಷ್ಯನ ಮುಖಕ್ಕೆ ಮರುಳಾಗಬೇಡಿ’ ಎಂದು ಹೇಳಿ ಹೇಳಿ ಬೋರ್ಡಿನ ಮೇಲೂ ಬರೆಸಿದ್ದೆ.

ಮೇಡಂ ನನ್ನನ್ನು ಕರೆದು ಇನ್ನೊಂದು ವಿಷಯಕ್ಕೆ ಬೈದಿದ್ದರು. ‘ಲ್ಯಾಬಿನಲ್ಲಿ ಎಲ್ಲದಕ್ಕೂ ಬುಡು ಬುಡು ಅಂತೀರಲ್ಲ, ಮಕ್ಕಳಿಗೆ ಏನು ಅರ್ಥವಾಗಬೇಕು? ಉಳಿಸು ಅನ್ನಿ, ತೆಗೆ ಅನ್ನಿ.’

ಅವರು ಹೇಳಿದ್ದು ನಿಜ. ನಮ್ಮ ಕಡೆ ‘ಬುಡು’ ಎಂಬ ಮಾತಿಗೆ ಒಂದು ಅರ್ಥವಲ್ಲ. ‘ಬೀಡಿ ಸೇದೋದು ಬುಡು’ ಎಂದರೆ ತೊರೆ ಎಂದು. ‘ಹಿಟ್ಟು ಕಲಸಿ ಅಂಗೇ ಬುಡು’ ಎಂದರೆ ಮುಟ್ಟಬೇಡ, ಇದ್ದ ಹಾಗೇ ಇರಲಿ ಎಂದು. ‘ಹೋಗ್ಲಿ ಬುಡು’ ಎಂದರೆ ಸಮಾಧಾನ ಮಾಡಿಕೊ ಎಂದು. ಎಡಿಟಿಂಗ್ ಮಾಡುವಾಗ ನಾನು ಇಡು ಎನ್ನುವುದಕ್ಕೂ ಬುಡು ಎನ್ನುತ್ತಿದ್ದೆ, ತೆಗೆ ಎನ್ನುವುದಕ್ಕೂ ಬುಡು ಎನ್ನುತ್ತಿದ್ದೆ. ದನಿಯಲ್ಲಿ ಗೊತ್ತಾಗುತ್ತೆ ಎಂದು ನನ್ನ ಧೈರ್ಯ. ನಮ್ಮ ಮಾತು ನಮ್ಮ ಮಕ್ಕಳಿಗೆ ತಿಳಿಯುವುದಿಲ್ಲವೇ, ಹೊರಗಿನಿಂದ ಬಂದ ಈಯಮ್ಮ ನನಗೆ ಕನ್ನಡ ಹೇಳಿಕೊಡುತ್ತಾರಾ ಎಂದು ಒಳಗೊಳಗೇ ಸಿಟ್ಟು ಬಂದಿತ್ತು.

ಇನ್ನು ಆ ಹುಡುಗಿಯ ವಿಷಯ. ಭಾಗ್ಯ ಎಂದಿಟ್ಟುಕೊಳ್ಳಿ. ಶೆಟ್ಟಿಕೆರೆ ಕಡೆಯವಳು, ಬಸ್ಸಿನಲ್ಲಿ ಓಡಾಡುತ್ತಿದ್ದಳು. ಕಾಲೇಜಿನಲ್ಲಿ ಅಚ್ಚುಕಟ್ಟಾಗಿ ಇರುತ್ತಿದ್ದಳು, ಇಸ್ತ್ರಿ ಹಾಕಿದ ಬಟ್ಟೆ, ಮೆಲುದನಿ. ತಮಗೆ ತೋಟವಿದೆ ಎಂದು ಗೆಳತಿಯರಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಕೈ ನಡುಗದೆ ಕ್ಯಾಮೆರಾ ಹಿಡಿಯುವವರು ಬ್ಯಾಚಿಗೆ ಒಬ್ಬರೋ ಇಬ್ಬರೋ ಸಿಗುತ್ತಾರೆ. ಆ ವರ್ಷ ಅವಳೊಬ್ಬಳೇ. ಆಗ ಎಲ್ಲರ ಕೈಯಲ್ಲೂ ಈಗಿನಂತೆ ಕ್ಯಾಮೆರಾ ಫೋನು ಇರಲಿಲ್ಲ. ಕಾಲೇಜಿನ ಎರಡು ಕ್ಯಾಮೆರಾ ಸರದಿಯ ಮೇಲೆ ಮನೆಗೆ ಹೋಗಿ ಬರುತ್ತಿದ್ದವು. ಅವಳ ಸರದಿಯಲ್ಲಿ ಕೊಬ್ಬರಿ ಒಡೆಯುವ ಹೆಂಗಸೊಬ್ಬರನ್ನು ತೆಗೆದುಕೊಂಡು ಬಂದಳು.

ಇದು ಗೊತ್ತಿಲ್ಲದವರಿಗೆ ಒಂದು ಮಾತು. ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಒಳಗಿನ ನೀರು ಬತ್ತಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆಮೇಲೆ ಸಿಪ್ಪೆ ಸುಲಿದು, ಮಚ್ಚಿನಿಂದ ಚಿಪ್ಪು ಒಡೆಯಬೇಕು. ಏಟು ಚಿಪ್ಪಿಗೆ ಬೀಳಬೇಕು, ಒಳಗಿನ ಉಂಡೆಗೆ ಗಾಯವಾಗಬಾರದು. ಒಂದು ಕೂದಲೆಳೆ ಹೆಚ್ಚಾದರೂ ಉಂಡೆ ಹೋಳಾಗುತ್ತದೆ, ಕಮ್ಮಿಯಾದರೆ ಮಚ್ಚು ಜಾರಿ ಬೆರಳಿಗೆ ಬರುತ್ತದೆ. ಕೂತಲ್ಲೇ ದಿನವಿಡೀ ಮಾಡುವ ಕೆಲಸ.

ಭಾಗ್ಯ ತೆಗೆದಿದ್ದನ್ನು ಎರಡು ಸಲ ಹಾಕಿಸಿ ನೋಡಿದೆ. ಕೈಯ ಶಾಟಿನಲ್ಲಿ ಕಾಯಿಯನ್ನು ತಿರುಗಿಸುತ್ತ ಮಚ್ಚಿನ ಬೆನ್ನಿನಿಂದ ಮೂರು ಸಲ ತಟ್ಟುವುದು, ಚಿಪ್ಪು ಬಿರುಕುಬಿಡುವುದು, ಒಳಗಿನಿಂದ ಕಂದು ಬಣ್ಣದ ಉಂಡೆ ಇಡಿಯಾಗಿ ಅಂಗೈಗೆ ಬರುವುದು, ಎಲ್ಲ ಸ್ಪಷ್ಟವಾಗಿತ್ತು. ಮುಖದ ಶಾಟನ್ನು ಪಕ್ಕದಿಂದ ತೆಗೆದಿದ್ದಳು. ಆಕೆ ಕಣ್ಣು ಕೆಳಗೆ ಹಾಕಿ ಕೆಲಸದಲ್ಲೇ ಇದ್ದರು. ಒಂದು ಸಲವೂ ತಲೆ ಎತ್ತಿರಲಿಲ್ಲ.

ಎಡಿಟಿಂಗ್ ಕೋಣೆಯಲ್ಲಿ ಅವಳ ಹಿಂದೆ ನಿಂತು ನೋಡುತ್ತಿದ್ದೆ. ಜೋಡಿಸಿದ ತುಂಡುಗಳ ಕೊನೆಯಲ್ಲಿ ಇನ್ನೊಂದು ಶಾಟ್ ಇತ್ತು, ಹತ್ತು ಎಣಿಸಿ ನಿಲ್ಲಿಸುವಾಗ ಸಿಕ್ಕಿಬಿದ್ದದ್ದು. ಆಕೆ ಮಚ್ಚು ಕೆಳಗಿಟ್ಟು, ತಲೆ ಎತ್ತಿ, ನೇರವಾಗಿ ಕ್ಯಾಮೆರಾದೊಳಗೆ ನೋಡಿದರು. ‘ಆಯ್ತೇನೆ ಪುಟ್ಟಿ? ಆಗ್ಲಿಂದ ಹಿಡ್ಕಂಡು ನಿಂತಿದೀಯಲ್ಲ, ಕೈ ನೋಯಲ್ವೇನೆ? ನಿಮ್ಮವ್ವಂಗೆ ಅಭ್ಯಾಸ ಐತೆ, ನಿಂಗೆಲ್ಲೈತೆ’ ಎಂದರು.

ಹಾಗೆ ನನಗೆ ಗೊತ್ತಾಯಿತು, ಈಕೆ ಭಾಗ್ಯಳ ತಾಯಿ ಎಂದು. ‘ನಿಮ್ಮ ತಾಯಿನಾ?’ ಎಂದೆ. ‘ಹೂಂ ಸಾರ್. ಗಂಗಮ್ಮ ಅಂತ’ ಎಂದಳು. ತಿರುಗಿ ನೋಡಲಿಲ್ಲ.

ಅಷ್ಟು ವರ್ಷ ಕ್ಯಾಮೆರಾ ನೋಡಿದ ಶಾಟುಗಳನ್ನು ತಿಪ್ಪೆಗೆ ಹಾಕಿಸಿದವನು ನಾನು. ಇದೊಂದನ್ನು ಹಾಕಿಸಲು ಮನಸ್ಸು ಬರಲಿಲ್ಲ. ದಿನವೆಲ್ಲ ಮಚ್ಚು ಬೀಸುವ ಹೆಂಗಸು ಕ್ಯಾಮೆರಾ ಹಿಡಿದವಳಿಗೆ ಕೈ ನೋಯುತ್ತಾ ಎಂದು ಕೇಳುತ್ತಾಳೆ. ಮೇಡಂ ಎರಡು ಅಂಕ ಕಳೆದರೆ ಕಳೆಯಲಿ ಎಂದುಕೊಂಡೆ. ಪರದೆಯ ಮೇಲೆ ಪೆನ್ನಿನಿಂದ ತಟ್ಟಿ, ‘ಇದನ್ನ ಬುಡವ್ವ’ ಎಂದೆ. ಇರಲಿ, ಮುಟ್ಟಬೇಡ ಎಂಬ ಅರ್ಥದಲ್ಲಿ. ಅಷ್ಟರಲ್ಲಿ ಹೊರಗೆ ಯಾರೋ ಕರೆದರು, ಹೋದೆ.

ಮಾರನೇ ದಿನ ಅವಳು ಒಪ್ಪಿಸಿದ ಸೀಕ್ವೆನ್ಸಿನಲ್ಲಿ ಆ ಶಾಟ್ ಇರಲಿಲ್ಲ.

ಇಲ್ಲಿ ನನ್ನ ತಪ್ಪನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಬರೆದೂ ಪ್ರಯೋಜನವಿಲ್ಲ. ನಾನು ಗಮನಿಸಿದೆ. ಓಹೋ, ನಾನು ಹೇಳಿದ್ದನ್ನು ಇವಳು ತೆಗೆ ಎಂದು ತಿಳಿದುಕೊಂಡಳು ಎಂದು ಆಗಲೇ ಹೊಳೆಯಿತು. ಕರೆದು, ‘ಅದನ್ನ ವಾಪಸ್ ಸೇರಿಸಮ್ಮ’ ಎನ್ನಬಹುದಿತ್ತು. ಐದು ನಿಮಿಷದ ಕೆಲಸ. ಆದರೆ ಮೇಡಂ ಹೇಳಿದ್ದೇ ಸರಿಯಾಯಿತಲ್ಲ ಎಂದು ನನ್ನೊಳಗೆ ಒಂದು ಮುಳ್ಳು. ಬುಡು ಎಂಬ ಮಾತಿನಿಂದ ಎಡವಟ್ಟಾಯಿತು ಎಂದು ಹೊರಗೆ ಬೀಳುವುದು ನನಗೆ ಬೇಕಿರಲಿಲ್ಲ. ಹೇಗೂ ನಿಯಮದ ಪ್ರಕಾರ ಹೀಗೇ ಸರಿ, ಮೇಡಂ ಅಂಕವನ್ನೂ ಕಳೆಯುವುದಿಲ್ಲ ಎಂದು ಸುಮ್ಮನಾದೆ. ಹೇಳುವುದು ಆಚಾರ, ತಿನ್ನುವುದು ಬದನೇಕಾಯಿ.

ಇನ್ನೂ ಒಂದಿದೆ. ಮದುವೆ ವಿಡಿಯೊದಿಂದ ಬಂದ ಚಾಳಿ, ಮಾತಿಲ್ಲದ ಶಾಟುಗಳಲ್ಲಿ ಮೂಲದ ಸದ್ದನ್ನು ಪೂರ್ತಿ ತೆಗೆಸಿ ಮೇಲೆ ಕೊಳಲಿನ ಸಂಗೀತ ಹಾಕಿಸುತ್ತಿದ್ದೆ. ಅವಳ ಸೀಕ್ವೆನ್ಸಿಗೂ ಕೊಳಲೇ. ಚಿಪ್ಪು ಬಿರುಕುಬಿಡುವ ಸದ್ದೂ ಹೋಯಿತು, ಆ ತಾಯಿಯ ಉಸಿರೂ ಹೋಯಿತು.

ಪ್ರದರ್ಶನದ ದಿನ ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಆ ವರ್ಷದ ಅತಿ ಒಳ್ಳೆಯ ಕೆಲಸ ಎಂದರು. ನಾನು ಮುಂದಿನದನ್ನು ಹಾಕುವ ಗಡಿಬಿಡಿಯಲ್ಲಿ ಹೊರಗೂ ಒಳಗೂ ಓಡಾಡುತ್ತಿದ್ದೆ.

ಅಂಕ ಹಾಕಿ ಮುಗಿದ ವಾರವೇ ನಾನು ಕ್ಯಾಮೆರಾದ ಮೆಮೊರಿ ಕಾರ್ಡುಗಳನ್ನೂ ಕಂಪ್ಯೂಟರಿನಲ್ಲಿದ್ದ ಮೂಲ ಫೈಲುಗಳನ್ನೂ ಅಳಿಸಿಬಿಟ್ಟೆ. ಪ್ರತಿ ವರ್ಷ ನನ್ನ ಕೈಯಾರೆ ಮಾಡುತ್ತಿದ್ದೆ, ಹಬ್ಬಕ್ಕೆ ಮನೆ ಸಾರಿಸಿದ ಹಾಗೆ. ಮುಂದಿನ ಬ್ಯಾಚಿಗೆ ಜಾಗ ಬೇಕಲ್ಲ. ‘ಎಲ್ಲವನ್ನೂ ಅಳಿಸಲೇ?’ ಎಂದು ಪರದೆ ಕೇಳುತ್ತದೆ. ಹೂಂ ಎಂದು ಒತ್ತುತ್ತೇವೆ. ಏನನ್ನು ಎಂದು ಅದೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಗಂಗಮ್ಮ ಅದಾಗಿ ಏಳು ತಿಂಗಳಿಗೆ ತೀರಿಕೊಂಡರು. ಕೆಲಸ ಮಾಡುತ್ತ ಕೂತಲ್ಲೇ ವಾಲಿದರಂತೆ, ತಲೆಯಲ್ಲಿ ನರ ಒಡೆದಿತ್ತು. ತುಮಕೂರಿಗೆ ಕರೆದುಕೊಂಡು ಹೋದವರು ಮೂರನೇ ದಿನ ವಾಪಸ್ ತಂದರು. ನನಗೆ ಸುದ್ದಿ ಗೊತ್ತಾದದ್ದು ಭಾಗ್ಯಳಿಂದಲೇ. ಕಾರ್ಯ ಮುಗಿಸಿ ಕಾಲೇಜಿಗೆ ಬಂದವಳು ಮೊದಲು ಬಂದದ್ದು ನನ್ನ ಕೋಣೆಗೆ. ಹಣೆ ಬರಿದಾಗಿತ್ತು, ಕಣ್ಣು ಒಣಗಿಹೋಗಿದ್ದವು.

‘ಸಾರ್, ನಮ್ಮವ್ವ ಹೋಗ್ಬುಟ್ಲು. ಮನೇಲಿ ಓಟಿನ ಕಾರ್ಡಿನ ಫೋಟೊ ಬುಟ್ರೆ ಇನ್ನೇನೂ ಇಲ್ಲ ಸಾರ್. ಅದ್ರಲ್ಲಿ ನಮ್ಮವ್ವ ಅಂತ ಗುರ್ತೇ ಸಿಗಲ್ಲ. ಆ ಸೀಕ್ವೆನ್ಸ್ ಐತೆ. ಆದ್ರೆ ಅದ್ರಲ್ಲಿ ಅವ್ಳು ನನ್ನ ನೋಡಲ್ಲ. ನೋಡಿದ್ದ್ ಒಂದ್ ಶಾಟ್ ಇತ್ತಲ್ಲ ಸಾರ್, ಅದು ಬೇಕು.’

ನಾನು ಅಳಿಸಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ. ‘ನೋಡ್ತೀನಿ ಕಣವ್ವ’ ಎಂದೆ. ಅವಳು ಹೋದ ಮೇಲೆ ಕಪಾಟಿನ ಎಲ್ಲ ಸಿ.ಡಿ.ಗಳನ್ನು ಹಾಕಿ ನೋಡಿದೆ. ಇಲ್ಲವೆಂದು ಗೊತ್ತಿದ್ದೂ ನೋಡಿದೆ. ಆಮೇಲೆ ಎರಡು ಕಾರ್ಡುಗಳನ್ನೂ ಎತ್ತಿಕೊಂಡು ತುಮಕೂರಿನ ಒಂದು ಅಂಗಡಿಗೆ ಹೋದೆ. ಅಳಿಸಿದ್ದನ್ನು ವಾಪಸ್ ತರುವವರು ಅಲ್ಲಿದ್ದಾರೆ ಎಂದು ಯಾರೋ ಹೇಳಿದ್ದರು. ಆತ ಅರ್ಧ ದಿನ ಪ್ರಯತ್ನಪಟ್ಟ. ಆ ಕಾರ್ಡುಗಳ ಮೇಲೆ ಆಗಲೇ ಹೊಸ ಬ್ಯಾಚಿನವರು ಎಷ್ಟೋ ಸಲ ತೆಗೆದು ಅಳಿಸಿ ಮಾಡಿದ್ದರು. ಪರದೆಯ ಮೇಲೆ ಒಂದೊಂದಾಗಿ ಬಂದವು: ಬಸ್ ಸ್ಟ್ಯಾಂಡಿನ ಹೂವಿನವರು, ಸೈಕಲ್ ಚಕ್ರ, ಯಾರೋ ಟೀ ಸೋಸುವುದು, ಯಾರೋ ರೊಟ್ಟಿ ತಟ್ಟುವುದು. ಒಂದು ಸಲ ಮಚ್ಚು ಹಿಡಿದ ಕೈ ಬಂತು. ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನೋಡಿದರೆ ಎಳನೀರು ಕೆತ್ತುವ ಗಂಡಸಿನ ಕೈ. ಆ ಅಂಗಡಿಯವನು, ‘ಸಾಕಾ ಸಾರ್? ಇನ್ನೇನೂ ಬರಲ್ಲ’ ಎಂದ. ತಿಪಟೂರಿಗೆ ಬರುವ ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಅತ್ತೆ. ವಯಸ್ಸಾದ ಗಂಡಸು ರೈಲಿನಲ್ಲಿ ಅಳುವುದು ಚೆನ್ನಾಗಿ ಕಾಣುವುದಿಲ್ಲ, ಆದರೂ ಅತ್ತೆ.

ಮಾರನೇ ದಿನ ಭಾಗ್ಯಳನ್ನು ಕರೆದು ಹೇಳಿದೆ. ‘ಇಲ್ಲ ಕಣವ್ವ. ಕಾರ್ಡ್ ಅಳಿಸಿದ್ದು ನಾನೇ.’

ಅವಳು ನನ್ನ ಮೇಜಿನ ಮೇಲಿದ್ದ ಕಾರ್ಡನ್ನು ಎತ್ತಿ ನೋಡಿ ಕೆಳಗಿಟ್ಟಳು. ಆಮೇಲೆ, ‘ಸೀಕ್ವೆನ್ಸ್‌ನಲ್ಲಿ ಇದ್ದಿದ್ರೆ ಉಳ್ಕಣ್ತಿತ್ತು’ ಎಂದಳು. ‘ನೀವು ಬುಡು ಅಂದ್ರಿ, ತೆಗ್ದೆ.’

ಆ ಕ್ಷಣದಲ್ಲಿ ನನಗೆ ಎರಡು ದಾರಿ ಇತ್ತು. ನಾನು ಹೇಳಿದ್ದು ಇರಲಿ ಎಂದು, ನೀನು ತಪ್ಪು ತಿಳಿದುಕೊಂಡೆ ಎನ್ನಬಹುದಿತ್ತು. ಅದು ಸತ್ಯ ಎಂದೇ ಆಗ ನಾನು ನಂಬಿದ್ದೆ. ಆದರೆ ಹೇಳಿದರೆ, ತಾಯಿ ತನ್ನನ್ನು ನೋಡಿದ ಒಂದೇ ಒಂದು ಶಾಟನ್ನು ತಾನೇ ತಪ್ಪು ಕೇಳಿಸಿಕೊಂಡು ಕಳೆದೆ ಎಂದು ಆ ಮಗು ಜೀವಮಾನವಿಡೀ ಕೊರಗಬೇಕು. ‘ಹೂಂ ಕಣವ್ವ, ತೆಗೆ ಅಂತ ನಾನೇ ಅಂದಿದ್ದು. ತಪ್ಪು ನಂದು, ನಿಂದೇನೂ ಇಲ್ಲ’ ಎಂದೆ.

ಅವಳು ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಹೇಳಲಿಲ್ಲ. ದುಃಖಕ್ಕೆ ಮಾತು ಸಿಗುತ್ತಿಲ್ಲ ಎಂದುಕೊಂಡೆ. ‘ಬತ್ತೀನಿ ಸಾರ್’ ಎಂದು ಹೋದಳು.

ಅಂದಿನಿಂದ ನನ್ನ ಪಾಠ ಬದಲಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು. ಮೂಲದ ಸದ್ದು ತೆಗೆಯಬೇಡಿ ಎಂದೆ. ಏನನ್ನೇ ಅಳಿಸುವ ಮುಂಚೆಯೂ ತೆಗೆದವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ನೋಡಿಸಿದೆ. ಮನೆಯವರನ್ನು ತೆಗೆದಿದ್ದರೆ ಎಲ್ಲವನ್ನೂ ಮನೆಗೆ ಕೊಟ್ಟು ಕಳಿಸಿದೆ. ಲ್ಯಾಬಿನಲ್ಲಿ ‘ಉಳಿಸು’, ‘ತೆಗೆ’ ಎಂದು ಮೇಡಂ ಹೇಳಿಕೊಟ್ಟ ಕನ್ನಡ ಮಾತಾಡಿದೆ. ಅವರಿಗೆ ವಿಷಯ ಹೇಳಿ ಕ್ಷಮೆ ಕೇಳಿದಾಗ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡು, ‘ಕ್ಯಾಮೆರಾ ನೋಡಬಾರದು ಅಂತ ಬರೆದವಳು ನಾನೇ ಅಲ್ವಾ?’ ಎಂದರು. ಮುಂದಿನ ವರ್ಷದ ಅಂಕಪಟ್ಟಿಯಲ್ಲಿ ಆ ಸಾಲು ಇರಲಿಲ್ಲ.

ಹತ್ತು ವರ್ಷ ಕಳೆಯಿತು. ಭಾಗ್ಯ ಈಗ ಚಿಕ್ಕನಾಯಕನಹಳ್ಳಿಯಲ್ಲಿ ಸ್ವಂತ ಸ್ಟುಡಿಯೊ ಇಟ್ಟಿದ್ದಾಳೆ. ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ತೆಗೆಯುತ್ತಾಳೆ, ಎಡಿಟಿಂಗೂ ಅವಳದೇ. ನಾನು ನಿವೃತ್ತನಾದ ಮೇಲೆ ಒಂದು ಮಧ್ಯಾಹ್ನ ಆ ಕಡೆ ಹೋದವನು ಅವಳ ಅಂಗಡಿಗೆ ಹೋದೆ. ಕುರ್ಚಿ ಒರೆಸಿ ಕೂರಿಸಿದಳು, ಕಾಫಿ ತರಿಸಿದಳು. ಗಿರಾಕಿ ಯಾರೂ ಇರಲಿಲ್ಲ. ಕಾಫಿ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಶುರುಮಾಡಿದಳು.

‘ಸಾರ್, ಅವತ್ತು ನೀವು ಬುಡು ಅಂದಿದ್ದು ಇರ್ಲಿ ಅಂತ. ನಂಗ್ ಗೊತ್ತಿತ್ತು.’

ನನಗೆ ಅರ್ಥವಾಗಲಿಲ್ಲ.

‘ನಿಮ್ ಮುಖ ನೋಡಿದ್ರೇ ಗೊತ್ತಾಗ್ತಿತ್ತು ಸಾರ್, ಹಿಂದೆ ನಿಂತಿದ್ರಲ್ಲ, ಪರದೆ ಗಾಜಲ್ಲಿ ಕಾಣ್ತಿತ್ತು. ಕಣ್ಣಲ್ಲಿ ನೀರಿತ್ತು ನಿಮ್ಗೆ. ತೆಗೆ ಅನ್ನೋರು ಹಂಗಿರ್ತಾರಾ? ನಾನೇ ಬೇಕಂತ ತೆಗ್ದೆ. ಕೇಳಿದ್ರೆ ಸಾರ್ ಬುಡು ಅಂದ್ರು ಅನ್ಬೋದು ಅಂತ ತೆಗ್ದೆ.’

‘ಯಾಕವ್ವ?’

‘ಕ್ಲಾಸಲ್ಲಿ ಎಲ್ರಿಗೂ ನಮ್ಗೆ ತೋಟ ಐತೆ, ಆಳು ಮಡಗಿದೀವಿ ಅಂತ ಹೇಳಿದ್ದೆ ಸಾರ್. ಅದ್ರಲ್ಲಿ ಅವ್ಳು ನಿಮ್ಮವ್ವಂಗೆ ಅಂತ ಅಂದ್ಬುಡ್ತಾಳಲ್ಲ, ಎಲ್ರಿಗೂ ಗೊತ್ತಾಗ್ಬುಡುತ್ತೆ ಅಂತ.’ ಅವಳ ದನಿ ಒಡೆಯಿತು. ‘ತೋರ್ಸಿದ್ ದಿನ ಮೇಡಂ, ಯಾರಮ್ಮ ಈಕೆ ಅಂತ ಕೇಳಿದ್ರು. ನೀವು ಆಚೆ ಹೋಗಿದ್ರಿ. ನಮ್ ತೋಟದ್ ಆಳು ಮೇಡಂ ಅಂದೆ ಸಾರ್. ನಮ್ಮವ್ವನ್ನ ಆಳು ಅಂದೆ.’

ಬಿಕ್ಕಿ ಬಿಕ್ಕಿ ಅತ್ತಳು. ನಾನು ತಡೆಯಲಿಲ್ಲ. ಹತ್ತು ವರ್ಷ ಅವಳನ್ನು ಕಾಪಾಡಿದ್ದೇನೆ ಎಂದುಕೊಂಡಿದ್ದ ನನ್ನ ಸುಳ್ಳು ಅವಳ ಎದೆಯ ಮೇಲೆ ಕಲ್ಲಾಗಿ ಕೂತಿತ್ತು. ಅವತ್ತು ನಾನು ‘ತಪ್ಪು ನಂದು’ ಎನ್ನದೆ ಇದ್ದಿದ್ದರೆ ಅವಳು ಅಲ್ಲೇ ಹೇಳಿ, ಅತ್ತು, ಹಗುರಾಗುತ್ತಿದ್ದಳೇನೋ. ಹೇಳುವ ದಾರಿಯನ್ನೇ ನಾನು ಮುಚ್ಚಿಬಿಟ್ಟಿದ್ದೆ. ಅದನ್ನು ಅವಳಿಗೆ ಹೇಳಿದೆ. ‘ಅಂಗನ್ಬೇಡಿ ಸಾರ್’ ಎಂದಳು.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಒರೆಸಿಕೊಂಡು ಕೇಳಿದಳು. ‘ಆ ಶಾಟ್ ನೋಡಿರೋರು ಈ ಭೂಮಿ ಮೇಲೆ ನಾವಿಬ್ರೇ ಸಾರ್. ಮಾತು ನೆಪ್ಪೈತೆ ನಂಗೆ, ಒಂದಕ್ಷರ ಬುಡ್ದಂಗೆ. ಮುಖ ನೆಪ್ಪಿಲ್ಲ. ಆ ಮಾತಾಡುವಾಗ ನಮ್ಮವ್ವ ನಗ್ತಿದ್ಲಾ? ಸುಸ್ತಾಗಿದ್ಲಾ? ನನ್ನ ಹೆಂಗ್ ನೋಡಿದ್ಲು ಸಾರ್? ನೀವು ಹೇಳಿ.’

ನಾನು ಕಣ್ಣು ಮುಚ್ಚಿ ನೆನೆದೆ. ಎಡಗಡೆಯಿಂದ ಬಿದ್ದಿದ್ದ ಬೆಳಕು ನೆನಪಿದೆ. ಫ್ರೇಮಿನ ಬಲ ಅಂಚಿನಲ್ಲಿ ಚಿಪ್ಪಿನ ರಾಶಿ ಅರ್ಧ ಕತ್ತರಿಸಿಹೋಗಿದ್ದು ನೆನಪಿದೆ. ಮಚ್ಚು ಕೆಳಗಿಟ್ಟ ಮೇಲೆ ಎಷ್ಟು ಹೊತ್ತಿಗೆ ಕಟ್ ಮಾಡಿದರೆ ಚೆನ್ನ ಎಂದು ಲೆಕ್ಕ ಹಾಕಿದ್ದೂ ನೆನಪಿದೆ. ಮುಖ ಬರಲಿಲ್ಲ. ನಗುತ್ತಿದ್ದರು ಎಂದುಬಿಡಬಹುದಿತ್ತು. ಆ ಮಗು ಅದಕ್ಕಾಗಿ ಕಾದು ಕೂತಿತ್ತು. ಆದರೆ ಇನ್ನೊಂದು ಸಲ ಅವಳಿಗೆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

‘ನಂಗೂ ನೆಪ್ಪಿಲ್ಲ ಕಣವ್ವ’ ಎಂದೆ. ‘ನಾನು ಕಟ್ ಎಲ್ಲಿ ಮಾಡ್ಬೇಕು ಅಂತ ನೋಡ್ತಿದ್ದೆ.’

ಅವಳು ತಲೆಯಾಡಿಸಿದಳು. ‘ನಾನು ಫೋಕಸ್ ನೋಡ್ತಿದ್ದೆ ಸಾರ್’ ಎಂದಳು.

ತಿಪಟೂರಿನ ಬಸ್ಸು ಬರುವವರೆಗೂ ಅಂಗಡಿಯಲ್ಲೇ ಕೂತಿದ್ದೆವು.